ವಕೀಲರ ಆಫೀಸಿನ ಮಡಿಲಕ್ಕಿ

ಪ್ರೇಮಕುಮಾರಿಗೆ ಈ ಲೋಕದಲ್ಲಿ ತನ್ನದು ಅಂತ ಇದ್ದದ್ದು ಎರಡು ಕೋಣೆ, ಒಂದು ಬಚ್ಚಲು. ದಂಡಿಗನಹಳ್ಳಿಯಲ್ಲಿ ಅವಳ ಅಪ್ಪ ಷಡಕ್ಷರಯ್ಯ ಕಟ್ಟಿಸಿದ ಮನೆಯ ಪಡುವಣ ಭಾಗ ಅದು. ಆ ಎರಡು ಕೋಣೆ ಅವಳಿಗೆ ಉಳಿದವೋ ಇಲ್ಲವೋ ಅನ್ನುವುದೇ ನಾನು ಹೇಳಹೊರಟಿರುವುದು. ಮೊದಲೇ ಹೇಳಿಬಿಟ್ಟೆ. ಸುತ್ತಿ ಬಳಸಿ ಮಾತಾಡುವುದು ನನಗೆ ಆಗಿಬರುವುದಿಲ್ಲ, ಆ ಕೆಲಸಕ್ಕೆ ನಮ್ಮ ಆಫೀಸಿನಲ್ಲಿ ಬೇರೆಯವರಿದ್ದರು.

ಆಫೀಸು ಅಂದರೆ ಹಾಸನದಲ್ಲಿ ಕೋರ್ಟಿನ ಹಿಂದಿನ ಬೀದಿಯ ಔಷಧಿ ಅಂಗಡಿಯ ಮಹಡಿ. ‘ವರದರಾಜ ಅಂಡ್ ಅಸೋಸಿಯೇಟ್ಸ್, ವಕೀಲರು’ ಎಂದು ಬೋರ್ಡು. ಅಸೋಸಿಯೇಟ್ಸ್ ಎಲ್ಲಿ ಎಂದು ಹುಡುಕಬೇಡಿ. ಜೂನಿಯರ್‌ಗಳು ಬರುತ್ತಿದ್ದರು, ಒಂದೆರಡು ವರ್ಷ ಬೈಸಿಕೊಳ್ಳುತ್ತಿದ್ದರು, ಹೋಗುತ್ತಿದ್ದರು. ನಿಂತವರು ಮೂವರೇ: ಗುಮಾಸ್ತ ನಂಜಯ್ಯ, ಟೈಪಿಸ್ಟ್ ಹಂಸ ಅಂದರೆ ನಾನು, ಮತ್ತು ಫೈಲು ನೋಡಿಕೊಳ್ಳುವ ಪ್ರೇಮಕುಮಾರಿ. ವಾರದಲ್ಲಿ ಒಂದು ದಿನ ಹೊಳೆನರಸೀಪುರ, ಒಂದು ದಿನ ಅರಕಲಗೂಡು, ಶುಕ್ರವಾರ ಚನ್ನರಾಯಪಟ್ಟಣ. ಮೂರು ಊರಲ್ಲೂ ಬಾಡಿಗೆಗೆ ಒಂದೊಂದು ರೂಮು. ಫೈಲುಗಳು, ಟೈಪ್‌ರೈಟರು, ನಾವು, ಎಲ್ಲ ಒಂದೇ ಅಂಬಾಸಡರ್ ಕಾರಿನೊಳಗೆ ಹೊರಡುತ್ತಿದ್ದೆವು.

ಬ್ಯಾಂಕಿಗೆ ಜಮೀನಿನ ಟೈಟಲ್ ನೋಡಿಕೊಡುವುದು, ಲಾರಿ ಆಕ್ಸಿಡೆಂಟಿನ ಕೇಸು, ಬದುವಿನ ಜಗಳ, ಇಂಜಂಕ್ಷನ್ನು, ವಿಲ್ಲು, ನಮ್ಮಲ್ಲಿ ಇಲ್ಲ ಎನ್ನುವ ಕೆಲಸವಿರಲಿಲ್ಲ. ಜೀಪಿನಲ್ಲಿ ಬಂದವರಿಗೆ ಸ್ಟೀಲ್ ಲೋಟದಲ್ಲಿ ಕಾಫಿ. ಬಸ್ಸಿನಲ್ಲಿ ಬಂದವರಿಗೆ ಬೆಂಚು. ವರದರಾಜ ಸಾರ್ ಒಳಗೆ ಬಂದರೆ ನಾವೆಲ್ಲ ಎದ್ದು ನಿಲ್ಲಬೇಕು, ಬಾಯಲ್ಲಿ ತುತ್ತಿದ್ದರೂ ಸರಿ. ಹಣೆಯ ಮೇಲೆ ನಾಮ, ನಾಲಿಗೆಯ ಮೇಲೆ ಇಂಗ್ಲಿಷು. ಜಿಲ್ಲಾ ಜಡ್ಜರ ಎದುರು ಒಂದು ಗಳಿಗೆ ತಡವರಿಸದ ಆ ಮನುಷ್ಯ ಯಾರಾದರೂ ಒಂಟಿ ಸೀನು ಸೀನಿದರೆ ಹೊರಟವರು ಕೂತುಬಿಡುತ್ತಿದ್ದರು. ರಾಹುಕಾಲದಲ್ಲಿ ಆಫೀಸಿನಲ್ಲಿ ಯಾರೂ ಯಾವ ಕಾಗದಕ್ಕೂ ಸಹಿ ಹಾಕುವಂತಿರಲಿಲ್ಲ. ಗೋಡೆ ಗಡಿಯಾರದ ಪಕ್ಕದಲ್ಲೇ ರಾಹುಕಾಲದ ಪಟ್ಟಿ ನೇತಾಡುತ್ತಿತ್ತು. ನಾನು ನಗುತ್ತಿದ್ದೆ. ಪ್ರೇಮಕುಮಾರಿ ಗದರಿಸುವಳು.

“ನಗ್ಬ್ಯಾಡ ಕಣೆ. ಯಾವುದುಕ್ ಎದರ್ತಾರೆ ಅಂತ ಗೊತ್ತಿರೋ ಜನದ್ ಜೊತೆ ಎಂಗೋ ಬಾಳ್ಬೋದು. ಯಾವುದಕ್ಕೂ ಎದರ್ದೇ ಇರೋರ್ನ ಕಂಡ್ರೆ ನಂಗೆ ಭಯ.”

ತೊಂಬತ್ತನಾಲ್ಕರಲ್ಲಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಪಾಲು ಎಂದು ಕಾನೂನು ಬಂತು. ಯಾರಿಗುಂಟು, ಯಾರಿಗಿಲ್ಲ ಎಂಬ ತರಲೆಗಳು ಅದರಲ್ಲಿ ಬೇಕಾದಷ್ಟಿದ್ದವು. ಆದರೆ ಹಳ್ಳಿಗಳಿಗೆ ಮುಟ್ಟಿದ ಸುದ್ದಿ ಒಂದೇ, ತಂಗಿ ಬಂದು ಜಮೀನು ಕೇಳುತ್ತಾಳಂತೆ. ಅಣ್ಣತಮ್ಮಂದಿರು ದಂಡು ಕಟ್ಟಿಕೊಂಡು ಬಂದರು. ಅಕ್ಕತಂಗಿಯರನ್ನು ಜೊತೆಗೇ ಕರೆತಂದು, ನಮಗೆ ಪಾಲು ಬೇಡ ಎಂದು ಹಕ್ಕು ಬಿಡುಗಡೆ ಪತ್ರ ಬರೆಸಿ, ನಮ್ಮ ರೂಮಿನಲ್ಲಿ ಸಹಿ ಹಾಕಿಸಿ, ಅಲ್ಲಿಂದ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಕರೆದೊಯ್ಯುತ್ತಿದ್ದರು. ಆ ಪತ್ರವನ್ನು ನಾನು ಎಷ್ಟು ಸಲ ಟೈಪು ಮಾಡಿದ್ದೇನೆಂದರೆ ಇವತ್ತಿಗೂ ಕಣ್ಣು ಮುಚ್ಚಿಕೊಂಡು ಹೊಡೆಯಬಲ್ಲೆ. ‘ಸ್ವಸಂತೋಷದಿಂದ’ ಎಂಬ ಮಾತು ಅದರಲ್ಲಿ ಬರಲೇಬೇಕು.

ಒಂದು ಸಲ ಹಳ್ಳಿಮೈಸೂರು ಕಡೆಯ ಹೆಂಗಸೊಬ್ಬಳು ಪೆನ್ನು ಹಿಡಿದುಕೊಂಡು ಬೆಳಗಿನಿಂದ ಅಳುತ್ತಲೇ ಕೂತಿದ್ದಳು. ಸಹಿ ಹಾಕಲೊಲ್ಲಳು, ಎದ್ದೂ ಹೋಗಲೊಲ್ಲಳು. ಪ್ರೇಮಕುಮಾರಿಗೆ ಕರುಳು ಚುರ್ ಅಂದಿರಬೇಕು. ಎದುರಿನ ಅಂಗಡಿಯಿಂದ ಅಕ್ಕಿ, ತೆಂಗಿನಕಾಯಿ, ಬೆಲ್ಲ, ಒಂದು ಕುಪ್ಪಸದ ಕಣ ತಂದು, ಅವಳನ್ನು ಎಬ್ಬಿಸಿ ನಿಲ್ಲಿಸಿ, ಅರಿಶಿನ ಕುಂಕುಮ ಕೊಟ್ಟು, ತೌರುಮನೆಯಲ್ಲಿ ಮಾಡುವ ಹಾಗೆಯೇ ಮಡಿಲು ತುಂಬಿದಳು. ಬರಿಗೈಲಿ ಹೋಗಬೇಡವ್ವ ಎಂಬ ಕನಿಕರ, ಮತ್ತೇನೂ ಇಲ್ಲ. ಆ ಹೆಂಗಸು ಸೆರಗಿನ ತುಂಬ ಅಕ್ಕಿ ಹೊತ್ತುಕೊಂಡು, ಕಣ್ಣೊರೆಸಿಕೊಂಡು, ಸಹಿ ಹಾಕಿದಳು. ವರದರಾಜ ಸಾರ್ ಕನ್ನಡಕ ತೆಗೆದು ಇದನ್ನೆಲ್ಲ ನೋಡಿದರು.

“ಲಾ ಪಾಯಿಂಟು ಎಲ್ಲ ಆಮೇಲೆ,” ಎಂದರು. “ಅಕ್ಕಿ ಮಡಿಲಿಗೆ ಬಿದ್ದಮೇಲೆ ಯಾವ ಹೆಣ್ಣೂ ತೌರಿಗೆ ಇಲ್ಲ ಅನ್ನೋದಿಲ್ಲ.”

ಮುಂದಿನ ವಾರ ಒಂದು ಹಿತ್ತಾಳೆ ತಟ್ಟೆ ಬಂತು. ಅದಕ್ಕೊಂದು ಚೀಲ ಬಂತು. ಚೀಲ ಕಾರಿನಲ್ಲಿ ನಮ್ಮ ಜೊತೆ ಊರೂರು ತಿರುಗಿತು. ಕನಿಕರವೊಂದು ಹೀಗೆ ಆಫೀಸಿನ ಕೆಲಸವಾಯಿತು. ಮನೆಯ ಸೊಸೆಯರು ಜೊತೆಗೆ ಬಂದರೆ ಅವರೇ ತುಂಬುವರು, ಇಲ್ಲದಿದ್ದರೆ ಪ್ರೇಮಕುಮಾರಿ. ಅವಳಿಗೆ ಆ ಲಕ್ಷಣವಿತ್ತು. ಕಾಸಗಲದ ಕುಂಕುಮ, ಕೈತುಂಬ ಹಸಿರು ಬಳೆ, ‘ಬಾರವ್ವ’ ಎಂದರೆ ಎಂಥವಳೂ ಎದ್ದು ಬರಬೇಕು. ಗಂಡ ಲಾರಿ ಡ್ರೈವರು, ಮನೆ ಕಾಣುತ್ತಿದ್ದದ್ದು ಅಪರೂಪ. ಅದಕ್ಕೇ ಮದುವೆಯಾದಮೇಲೂ ಅವಳು ಮಗಳು ನಿಧಿಯನ್ನು ಕಟ್ಟಿಕೊಂಡು ಅಪ್ಪನ ಮನೆಯ ಆ ಎರಡು ಕೋಣೆಯಲ್ಲಿದ್ದಳು. ‘ಇದು ನಿಂದೇ ಕಣವ್ವ’ ಎಂದು ಷಡಕ್ಷರಯ್ಯ ಹೇಳಿದ್ದರು. ಬಾಯಿಮಾತಿನಲ್ಲಿ ಹೇಳಿದ್ದು.

ಬಾಗೂರಿನ ರೇವಮ್ಮ ಚನ್ನರಾಯಪಟ್ಟಣದ ರೂಮಿಗೆ ಬಂದದ್ದು ತೊಂಬತ್ತೆಂಟರಲ್ಲಿ. ಇಬ್ಬರು ಅಣ್ಣಂದಿರು ಯಾರದ್ದೋ ನೀಲಿ ಜೀಪಿನಲ್ಲಿ ಕರೆತಂದಿದ್ದರು, ಜೊತೆಗೆ ಜೀಪಿನ ಆಳೊಬ್ಬ. ಮಡಿಲು ತುಂಬಿಸಿಕೊಂಡಳು, ಪೆನ್ನು ಹಿಡಿದಳು, ಆಮೇಲೆ ಅಕ್ಕಿಯನ್ನು ಹಾಗೆಯೇ ಮೇಜಿನ ಮೇಲೆ ಸುರಿದು, “ಯೋಚ್ನೆ ಮಾಡಿ ಏಳ್ತೀನಿ ಸಾ,” ಎಂದಳು. ಅಂಥ ಹೆಣ್ಣನ್ನು ನಾವು ಅಲ್ಲಿಯವರೆಗೆ ನೋಡಿರಲಿಲ್ಲ. ಅಣ್ಣಂದಿರು ಬೈಯಲಿಲ್ಲ. ನಗುನಗುತ್ತಾ, “ಆಯ್ತವ್ವ, ನಡಿ, ಮನೇಲಿ ಮಾತಾಡನ,” ಎಂದು ಜೀಪಿನ ಕಡೆ ನಡೆಸಿದರು, ಜೀಪಿನ ಆಳು ಕೈ ಹಿಡಿದು ಹತ್ತಿಸಿದ. ಆ ನಗುವೇ ನನಗೆ ಸರಿಕಾಣಲಿಲ್ಲ. ನಂಜಯ್ಯ ಕಿಟಕಿಯಲ್ಲಿ ನಿಂತು ನೋಡಿ, “ಈವಮ್ಮ ಬತ್ತಾಳೆ ಬುಡಿ, ಬರ್ದೆ ಎಲ್ಲೋಗ್ತಾಳೆ,” ಎಂದ.

ಮುಂದಿನ ಹದಿನೈದು ದಿನದೊಳಗೆ ರೇವಮ್ಮ ಮತ್ತೆ ಬಂದಳು. ಎಡಗೈ ಕತ್ತಿನಿಂದ ತೂಗುಬಿದ್ದಿತ್ತು, ಬಿಳಿ ಬ್ಯಾಂಡೇಜು. “ಬಚ್ಚಲಲ್ಲಿ ಜಾರ್ಬುಟ್ಟೆ,” ಎಂದಳು. ಯಾರೂ ಕೇಳಿರಲಿಲ್ಲ. ಒಂದೇ ಕೈಯಲ್ಲಿ ಸೆರಗು ಒಡ್ಡಲಾಗದು ಎಂದು ಪ್ರೇಮಕುಮಾರಿ ಒಂದು ತುದಿಯನ್ನು ತಾನೇ ಹಿಡಿದು, ಇನ್ನೊಂದು ಕೈಯಲ್ಲಿ ಅಕ್ಕಿ ಹಾಕಿದಳು. ರೇವಮ್ಮ ಸ್ವಸಂತೋಷದಿಂದ ಸಹಿ ಹಾಕಿದಳು. ನನಗೆ ಮೈಯೆಲ್ಲ ಉರಿದುಹೋಯಿತು. “ಪೊಲೀಸಿಗೆ ಹೇಳಬೇಕು ಸಾರ್,” ಎಂದೆ. “ಜಾರಿದ್ದಕ್ಕೆ ಪೊಲೀಸು ಏನು ಮಾಡ್ತಾರಮ್ಮ,” ಎಂದು ಅವರು ಫೈಲಿನ ಲಾಡಿ ಕಟ್ಟಿದರು.

ಹಾಸನದಲ್ಲಿ ಪ್ರೇಮಕುಮಾರಿ ಕಾರಿನಿಂದ ಇಳಿಯುವಾಗ, “ಅವಳ್ ಸೆರಗು ನನ್ ಕೈಲಿ ನಡುಗ್ತಾ ಇತ್ತು ಕಣೆ,” ಎಂದಳು. ಆ ಜಮೀನು ಸ್ವಲ್ಪ ದಿನದಲ್ಲೇ ಆ ನೀಲಿ ಜೀಪಿನ ಯಜಮಾನನಿಗೆ ಹೋಯಿತೆಂದು ಕೇಳಿದೆವು. ರಸ್ತೆ ಬದಿಯ ಜಾಗಗಳ ಮೇಲೆಯೇ ಅವನ ಕಣ್ಣು.

ಎರಡು ಸಾವಿರದ ಒಂದರಲ್ಲಿ ಪ್ರೇಮಕುಮಾರಿಯ ಗಂಡನ ಲಾರಿ ಘಾಟಿಯಲ್ಲಿ ಉರುಳಿತು. ಹನ್ನೆರಡನೆಯ ದಿನ ಕಳೆದು ಅವಳು ಕೆಲಸಕ್ಕೆ ಬಂದಳು, ಬೋಳು ಹಣೆ, ಬೋಳು ಕೈ. ವರದರಾಜ ಸಾರ್ ಅವಳ ಮುಖ ನೋಡದೆ, ಕ್ಯಾಲೆಂಡರನ್ನು ನೋಡುತ್ತಾ ಹೇಳಿದರು. “ಪ್ರೇಮಾ, ಇನ್ನುಮೇಲೆ ಆ ತಟ್ಟೆ ಹಂಸ ನೋಡ್ಕೊಳ್ಳಲಿ. ನೀನು ಮುಟ್ಟೋದು ಬೇಡ. ಬಂದವರಿಗೆ ಬೇಜಾರಾಗತ್ತೆ.”

ನನಗೆ ರೇಗಿತು. “ನಾನು ಟೈಪಿಸ್ಟು ಸಾರ್, ಪುರೋಹಿತಗಿತ್ತಿ ಅಲ್ಲ,” ಎಂದೆ. ಪ್ರೇಮಕುಮಾರಿ ನನ್ನ ಕಾಲು ತುಳಿದಳು. ತಟ್ಟೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಒರೆಸಿ, ಚೀಲದಲ್ಲಿಟ್ಟು ನನ್ನ ಮೇಜಿನ ಕೆಳಗೆ ಇಟ್ಟಳು. ಅವತ್ತಿನಿಂದ, ಸಹಿ ಹಾಕಲು ಹೆಂಗಸರು ಬಂದರೆ ಅವಳು ತಾನಾಗಿಯೇ ಒಳಕೋಣೆಗೆ ಹೋಗಿ ಬಾಗಿಲು ಮುಂದಕ್ಕೆ ಮಾಡಿಕೊಳ್ಳುತ್ತಿದ್ದಳು.

ಎರಡು ವರ್ಷಕ್ಕೆ ಷಡಕ್ಷರಯ್ಯ ತೀರಿಕೊಂಡರು. ವಿಲ್ಲು ಬರೆದಿರಲಿಲ್ಲ. ಅವರೇ ಕಟ್ಟಿಸಿದ ಮನೆ, ಕಾನೂನಿನಂತೆ ಮಗನಿಗೂ ಮಗಳಿಗೂ ಸಮಪಾಲು. ಮಗ ಪರಮೇಶ್, ಪ್ರೇಮಕುಮಾರಿ ಎತ್ತಿ ಆಡಿಸಿದ ತಮ್ಮ. ಒಂದು ಬೆಳಿಗ್ಗೆ ಅವನು ನಮ್ಮ ಆಫೀಸಿನ ಮೆಟ್ಟಿಲು ಹತ್ತಿ ಬಂದ. ಜೊತೆಗೆ ಇಬ್ಬರು. ಕೆಳಗೆ ಅದೇ ನೀಲಿ ಜೀಪು ನಿಂತಿತ್ತು. ಜೀಪಿನಲ್ಲಿ ಬಂದವರಾದ್ದರಿಂದ ಸ್ಟೀಲ್ ಲೋಟದಲ್ಲಿ ಕಾಫಿ ಕೊಡಬೇಕು. ಕೊಡಬೇಕಾದವಳು ಪ್ರೇಮಕುಮಾರಿಯೇ. ತಮ್ಮ ಅವಳ ಕೈಯಿಂದ ಕಾಫಿ ತೆಗೆದುಕೊಂಡು, “ಅಕ್ಕ, ನಿನ್ ಬಗ್ಗೇನೇ ಮಾತಾಡಾಕೆ ಬಂದೆ,” ಎಂದ.

ಮನೆಯಿರುವುದು ರಸ್ತೆಗೆ ಅಂಟಿಕೊಂಡು. ಜೀಪಿನ ಯಜಮಾನನಿಗೆ ಪೆಟ್ರೋಲ್ ಬಂಕಿಗೆ ಜಾಗ ಬೇಕಂತೆ. ಇಡೀ ಮನೆ ಕೆಡವಬೇಕಂತೆ. ಅಕ್ಕನಿಗೇನು, ಹಾಸನದಲ್ಲೇ ಕೆಲಸ, ಎಲ್ಲಾದರೂ ಒಂದು ರೂಮು ಹಿಡಿದುಕೊಂಡರಾಯಿತಂತೆ. ವರದರಾಜ ಸಾರ್ ಎಲ್ಲ ಕೇಳಿ ವಕಾಲತ್ತು ತೆಗೆದುಕೊಂಡರು. ನಮ್ಮ ಹುಡುಗಿಯ ವಿರುದ್ಧ ನಾವೇ ಹೇಗೆ ಸಾರ್ ಎಂದು ನಾನು ಕೇಳಿಯೇಬಿಟ್ಟೆ. “ವಿರುದ್ಧ ಏನು ಬಂತು. ಮನೆ ವಿಷಯ, ಮನೆಯೊಳಗೇ ಮುಗಿಯಲಿ. ಶುಕ್ರವಾರ ಚನ್ನರಾಯಪಟ್ಟಣದಲ್ಲಿ ಇಟ್ಕೊಳ್ಳೋಣ,” ಎಂದರು. ಆಗ ಹೊರಗೆ ನಿಂತಿದ್ದ ಇಬ್ಬರಲ್ಲಿ ಒಬ್ಬನನ್ನು ಎಲ್ಲಿ ನೋಡಿದ್ದೇನೆಂದು ನೆನಪಾಯಿತು. ರೇವಮ್ಮನ ಕೈ ಹಿಡಿದು ಜೀಪು ಹತ್ತಿಸಿದವನು ಅವನೇ. ಅವನು ಗೋಡೆಗೊರಗಿ, ಬೆರಳಲ್ಲಿ ಸುಣ್ಣ ತೆಗೆದುಕೊಂಡು ನಿಧಾನವಾಗಿ ಎಲೆಗೆ ಸವರುತ್ತಿದ್ದ.

ಆ ವಾರ ಪ್ರೇಮಕುಮಾರಿ ಅಳಲಿಲ್ಲ, ಯಾರನ್ನೂ ಬೇಡಲಿಲ್ಲ. ಜೀಪು ಸಂಜೆ ಅವಳ ಬಸ್ಸಿನ ಹಿಂದೆಯೇ ಊರವರೆಗೆ ಬರುತ್ತಿತ್ತಂತೆ. ಅವಳು ಇಳಿದಾಗ ನಿಲ್ಲುತ್ತಿತ್ತಂತೆ. ಯಾರೂ ಕೆಳಗಿಳಿಯುತ್ತಿರಲಿಲ್ಲವಂತೆ. ನಿಧಿಯನ್ನು ಸ್ಕೂಲಿನಿಂದ ಮಾವನೇ ಜೀಪಿನಲ್ಲಿ ಕರೆತಂದು ಬಿಟ್ಟನಂತೆ, ಐಸ್‌ಕ್ರೀಂ ಕೊಡಿಸಿದನಂತೆ. ಇದನ್ನು ಹೇಳುವಾಗ ಮಾತ್ರ ಅವಳ ದನಿ ಒಡೆಯಿತು. “ಸೈನ್ ಆಕ್ದಿದ್ರೆ ರೇವಮ್ಮನ ಕೈ. ಆಕುದ್ರೆ ಬೀದಿ. ಎಂಗೆ ಮಾಡ್ಲಿ ಏಳು,” ಎಂದಳು.

ಶುಕ್ರವಾರ ಬೆಳಿಗ್ಗೆ ನಾನು ಬರುವ ಹೊತ್ತಿಗೆ ಅವಳು ತಟ್ಟೆಯ ಚೀಲ ತುಂಬುತ್ತಿದ್ದಳು. ಅಕ್ಕಿ, ಬೆಲ್ಲದ ಅಚ್ಚು, ಎಲೆ ಅಡಿಕೆ, ಜುಟ್ಟು ಬಿಟ್ಟ ತೆಂಗಿನಕಾಯಿ.

“ನೀನ್ಯಾಕೆ ಮುಟ್ಟಿದೆ, ಸಾರ್ ಕೂಗಾಡ್ತಾರೆ,” ಎಂದೆ. “ಇವತ್ತು ಯಾರದ್ದು?”

“ನಂದೇ,” ಎಂದಳು. ಆಮೇಲೆ ನನ್ನ ಕೈ ಹಿಡಿದುಕೊಂಡಳು. “ಹಂಸಾ, ಇವತ್ತು ಯಾರೇ ಏಳ್ಲಿ, ನಾನೇ ಕೇಳ್ಲಿ, ನೀನು ಮಾತ್ರ ನಂಗೆ ಮಡಿಲು ತುಂಬ್ಬ್ಯಾಡ.”

ಚನ್ನರಾಯಪಟ್ಟಣದ ರೂಮಿನಲ್ಲಿ ಪರಮೇಶ್ ಮೊದಲೇ ಬಂದು ಕೂತಿದ್ದ, ಹೆಂಡತಿ ಗಂಗಾಂಬಿಕೆಯನ್ನೂ ಕರೆತಂದಿದ್ದ. ಜೀಪಿನವರಿಬ್ಬರು ಮೆಟ್ಟಿಲ ಬಾಯಲ್ಲಿ ನಿಂತರು. ಆ ರೂಮಿಗೆ ಇದ್ದದ್ದು ಅದೊಂದೇ ಮೆಟ್ಟಿಲು. ಗಡಿಯಾರದಲ್ಲಿ ಹತ್ತು ದಾಟಿತ್ತು. ವರದರಾಜ ಸಾರ್, “ಹತ್ತೂವರೆಗೆ ರಾಹುಕಾಲ ಬರತ್ತೆ, ಅಷ್ಟರೊಳಗೆ ಮುಗಿಸಿಬಿಡಿ,” ಎಂದು ಪತ್ರವನ್ನು ಅವಳ ಮುಂದಿಟ್ಟರು. ಪರಮೇಶ್ ಒಂದು ಸೀರೆಯನ್ನು ಪತ್ರದ ಪಕ್ಕದಲ್ಲಿಟ್ಟು ಪೆನ್ನಿನ ಟೋಪಿ ತೆಗೆದ.

“ಅಕ್ಕ, ಇಲ್ಲೊಂದು ಸೈನ್ ಆಕ್ಬುಡು. ಆಮೇಲೆ ಎಲ್ರೂ ಒಟ್ಟಿಗೆ ಉಂಡು ಓಗನ.”

“ಆಕ್ತೀನಿ ಕಣಪ್ಪ,” ಎಂದಳು ಪ್ರೇಮಕುಮಾರಿ. “ಮೊದ್ಲು ಮಡಿಲು ತುಂಬ್ಸು.”

ಎದ್ದು ನಿಂತು, ಮೂಡಣಕ್ಕೆ ಮುಖ ಮಾಡಿ, ಎರಡು ಕೈಯಲ್ಲಿ ಸೆರಗನ್ನು ಅಗಲ ಮಾಡಿ ಗಂಗಾಂಬಿಕೆಯ ಮುಂದೆ ಒಡ್ಡಿದಳು. ಗಂಗಾಂಬಿಕೆ ಕುರ್ಚಿಯಿಂದ ಎದ್ದು ಹಿಂದಕ್ಕೆ ಸರಿದಳು.

“ನಿಮಗೆ ಎಂಗೆ ಅತ್ತಿಗೆ ತುಂಬೋದು... ಸೀರೆ ಐತಲ್ಲ, ಅದ್ನೇ ಇಸ್ಕಳಿ.”

“ಈ ತಟ್ಟೆ ಇಡ್ಕೊಂಡು ನಾನು ಎಷ್ಟು ಹೆಣ್ಮಕ್ಳಿಗೆ ತುಂಬಿದೀನಿ, ಸಾರ್‌ನ ಕೇಳು. ಮಡಿಲು ತುಂಬಿಸ್ಕೊಳ್ದೆ ತೌರು ಬಿಟ್ಕೊಟ್ಟೋಳು ಒಬ್ಳಾದ್ರೂ ಅವ್ಳಾ? ನಾನೇನು ಆ ಮನೇಲಿ ಉಟ್ಟೋಳಲ್ವಾ? ಬರೀ ಸೆರಗಲ್ಲಿ ನಾನು ಓಗಲ್ಲ.”

“ತುಂಬ್ಬುಡೇ ಅತ್ಲಾಗೆ,” ಎಂದ ಪರಮೇಶ್ ಹೆಂಡತಿಗೆ.

“ತಲೆ ಮೇಲೆ ನಾನೇ ಚಪ್ಪಡಿ ಎಳ್ಕೊಳ್ಳಾ?” ಗಂಗಾಂಬಿಕೆ ಎರಡು ಕೈಯಲ್ಲಿ ತನ್ನ ತಾಳಿಯನ್ನು ಮುಚ್ಚಿಕೊಂಡಳು. “ಮುಂಡೇರಿಗೆ ಮಡಿಲು ತುಂಬುದ್ರೆ ತುಂಬ್ದೋಳ ತಾಳಿ ಉಳಿತದಾ? ನೀವೇ ಏಳಿ.”

ಆಗ ಅವನಿಗೆ ಹೊಳೆಯಿತು, ಮಾತಾಡುತ್ತಿರುವುದು ತನ್ನದೇ ಪ್ರಾಣದ ವಿಷಯ ಎಂದು. ಮೆಟ್ಟಿಲ ಬಾಯಲ್ಲಿ ಆಳು ನಿಲ್ಲಿಸಿಕೊಂಡು ಬಂದ ಗಂಡಸು ಬೆವರಿದ. ಕೈ ತಾನಾಗಿ ಎದೆಯ ಮೇಲಿನ ಲಿಂಗದ ಕರಡಿಗೆಗೆ ಹೋಯಿತು. ವರದರಾಜ ಸಾರ್ ನನ್ನ ಕಡೆ ತಿರುಗಿ, “ಹಂಸಾ, ಸುಮ್ಮನೆ ಶಾಸ್ತ್ರಕ್ಕೆ ನೀನೇ ನಾಲ್ಕು ಕಾಳು...” ಎಂದರು.

ನನಗೆ ಇಂಥದ್ದರಲ್ಲಿ ಎಳ್ಳಷ್ಟೂ ನಂಬಿಕೆಯಿಲ್ಲ. “ನಾನೂ ಮುತ್ತೈದೆ ಸಾರ್. ನನ್ನ ಕೈಲಾಗಲ್ಲ,” ಎಂದೆ. ಅಷ್ಟು ಗಟ್ಟಿಯಾಗಿ ಆ ಆಫೀಸಿನಲ್ಲಿ ಮತ್ತೆಂದೂ ಸುಳ್ಳು ಹೇಳಿಲ್ಲ.

ಪ್ರೇಮಕುಮಾರಿ ಸೆರಗು ಇಳಿಸಲಿಲ್ಲ. ಹಾಗೆಯೇ ನಿಂತಳು. ಒಡ್ಡಿದ ಸೆರಗನ್ನು ಬರಿದಾಗಿ ಕಳಿಸಿದರೆ ಆ ಮನೆಗೆ ಒಳ್ಳೆಯದಲ್ಲ ಎಂದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತು. ತುಂಬುವಂತಿಲ್ಲ, ತುಂಬದೆ ಇರುವಂತಿಲ್ಲ. ಗಂಗಾಂಬಿಕೆ ಅಳುವುದಕ್ಕೆ ಶುರುಮಾಡಿದಳು. “ಬ್ಯಾಡ ಬನ್ರಿ, ಆ ಮನೆ ನಮಗೆ ಬ್ಯಾಡ,” ಎಂದು ಗಂಡನ ತೋಳು ಹಿಡಿದು ಎಳೆದಳು. ಗಡಿಯಾರ ಹತ್ತೂವರೆ ಹೊಡೆಯಿತು. ವರದರಾಜ ಸಾರ್ ಪತ್ರ ಮಡಿಸಿ ಫೈಲು ಮುಚ್ಚಿದರು.

ನನಗೆ ಕುಣಿಯಬೇಕು ಅನ್ನಿಸಿತು. ಆದರೆ ಪರಮೇಶ್ ಬಾಗಿಲ ತನಕ ಹೋದವನು ತಿರುಗಿ ನಿಂತ. ಬೆವರೊರೆಸಿಕೊಂಡ. ನಕ್ಕ. ರೇವಮ್ಮನ ಅಣ್ಣಂದಿರು ನಕ್ಕಿದ್ದರಲ್ಲ, ಅದೇ ನಗು.

“ಆಗ್ಲಿ ಕಣಕ್ಕ,” ಎಂದ. “ನಿಧಿ ಅವ್ಳಲ್ಲ. ದೊಡ್ಡೋಳಾಗ್ಲಿ. ಅವ್ಳಿಗೆ ತುಂಬನ.”

ಪ್ರೇಮಕುಮಾರಿಯ ಕೈಯಿಂದ ಸೆರಗು ಜಾರಿತು. ಇಷ್ಟನ್ನೆಲ್ಲ ಯೋಚಿಸಿದ್ದವಳು ಅದೊಂದನ್ನು ಯೋಚಿಸಿರಲಿಲ್ಲ.

ಸೋಮವಾರದಿಂದ ಅವಳು ನಮ್ಮ ಆಫೀಸಿಗೆ ಬರಲಿಲ್ಲ. ಚನ್ನರಾಯಪಟ್ಟಣದಲ್ಲೇ ಚಂದ್ರಶೇಖರಯ್ಯ ಎಂಬ ಮುದಿ ವಕೀಲರನ್ನು ಹಿಡಿದು ಪಾಲಿನ ದಾವೆ ಹಾಕಿದಳು, ಅವರ ಮನೆಯಲ್ಲೇ ಅಡಿಗೆ ಕೆಲಸ ಹಿಡಿದು ಊರಿನಿಂದ ಓಡಾಡಿದಳು. ದಾವೆ ಎಳೆಯಿತು. ಕಡೆಗೆ ಎರಡು ಕೋಣೆ, ಒಂದು ಬಚ್ಚಲು ಅವಳದ್ದೆಂದು ತೀರ್ಪಾಯಿತು. ಅಷ್ಟು ದಿನವೂ ಜೀಪು ಅವಳ ಮನೆಯ ಮುಂದೆ ಹಾಯುತ್ತಲೇ ಇತ್ತು. ಯಾರೂ ಅವಳನ್ನು ಮುಟ್ಟಲಿಲ್ಲ. ಮುಟ್ಟದೆ ಇರುವುದೇ ಅವಳ ನಿದ್ದೆ ಕೆಡಿಸಿತು. ನನಗೇನಾದರೂ ಆದರೆ ಮಗಳು ಬೀದಿಗೆ ಬೀಳಬಾರದು ಎಂದು ಕೋಣೆಗಳನ್ನು ನಿಧಿಯ ಹೆಸರಿಗೆ ದಾನಪತ್ರ ಮಾಡಿ ರಿಜಿಸ್ಟರ್ ಮಾಡಿಸಿದಳು. ಒಳ್ಳೆಯ ಕೆಲಸ ಮಾಡಿದೆ ಎಂದು ನಾನೂ ಹೇಳಿದೆ.

ಪ್ರತಿ ಗೌರಿ ಹಬ್ಬಕ್ಕೂ ಮಾವನ ಮನೆಯಿಂದ ನಿಧಿಗೆ ಹೊಸ ಲಂಗ ಬರುತ್ತಿತ್ತು. ಪ್ರೇಮಕುಮಾರಿ ಮೊದಲೆರಡು ವರ್ಷ ವಾಪಸು ಕಳಿಸಿ ನೋಡಿದಳು. ನಿಧಿ ಊಟ ಬಿಟ್ಟು ಅತ್ತಳಂತೆ, “ಮಾವ ನಿಂಗೇನ್ ಮಾಡವ್ರೆ,” ಎಂದು ಕೇಳಿದಳಂತೆ. ಬೆಳೆಯುವ ಹುಡುಗಿ, ವರ್ಷ ವರ್ಷ ಅಳತೆ ಬದಲಾಗುತ್ತಿತ್ತು. ಮಾವ ಕಳಿಸಿದ ಲಂಗ ಮಾತ್ರ ಒಂದು ಬೆರಳು ಹೆಚ್ಚಿಲ್ಲ, ಒಂದು ಬೆರಳು ಕಮ್ಮಿಯಿಲ್ಲ. ಇದನ್ನು ಪ್ರೇಮಕುಮಾರಿ ನನಗೆ ಎಷ್ಟೋ ಸಲ ಹೇಳಿದ್ದಾಳೆ.

ಎರಡು ಸಾವಿರದ ಒಂಬತ್ತರಲ್ಲಿ, ನಿಧಿಗೆ ಹದಿನೆಂಟು ತುಂಬಿದ ವರ್ಷ, ಗೌರಿ ಹಬ್ಬ ಕಳೆದ ಗುರುವಾರ ಪ್ರೇಮಕುಮಾರಿ ಹಾಸನಕ್ಕೆ ಬಂದಳು. ನಾನು ಅಷ್ಟು ಹೊತ್ತಿಗೆ ಕಂಪ್ಯೂಟರಿನಲ್ಲಿ ಹೊಡೆಯುತ್ತಿದ್ದೆ, ಪತ್ರಗಳು ಅವೇ. ಅವಳು ಮೆಟ್ಟಿಲು ಹತ್ತಲಿಲ್ಲ, ಔಷಧಿ ಅಂಗಡಿಯ ಹುಡುಗನ ಕೈಲಿ ನನ್ನನ್ನು ಕೆಳಗೆ ಕರೆಸಿದಳು.

“ಈ ಸಲ ಲಂಗ ಬರ್ನಿಲ್ಲ ಕಣೆ,” ಎಂದಳು. “ಸೀರೆ ಬಂತು.”

“ವಾಪಸು ಕಳಿಸಬೇಕಿತ್ತು.”

“ನಾನು ಅಡಿಗೆ ಮುಗಿಸ್ಕೊಂಡು ಮನೇಗೆ ಬರಾ ಒತ್ಗೆ ಎಲ್ಲ ಆಗೋಗಿತ್ತು. ಸೀರೆ ಉಡ್ಸಿ ನಿಲ್ಸ್ಕೊಂಡು ಗಂಗಾಂಬಿಕೆ ಮಡಿಲು ತುಂಬ್ತಾ ಇದ್ಲು. ನಿಧಿ ಸೆರಗು ಒಡ್ಕೊಂಡು ನಗ್ತಾ ನಿಂತಿದ್ಲು. ನನ್ನ ನೋಡಿ, ಅಮ್ಮ, ಮಾವ ನನ್ನ ಶುಕ್ರವಾರ ಚನ್ನರಾಯಪಟ್ಟಣಕ್ಕೆ ಕರ್ಕೊಂಡು ಓಗ್ತಾರಂತೆ ಅಂದ್ಲು.”